ಹೆಸರು ಹಾಕಿಸದ ಲೋಟ

ನನ್ನ ಅಮ್ಮ ಒಂದು ಕಾಲಕ್ಕೆ ನಮ್ಮ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗಿದ್ದಳು. ಹೆಂಗಸರಿಗೆ ಮೀಸಲಾತಿ ಹೊಸದಾಗಿ ಬಂದಿದ್ದ ತೊಂಬತ್ತರ ದಶಕದ ಮಾತು. ಇದನ್ನು ಹೇಳಿದರೆ ಕೇಳಿದವರು ಹುಬ್ಬೇರಿಸಿ ‘ಆ ಕಾಲದಲ್ಲೇ!’ ಎನ್ನುತ್ತಾರೆ. ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ‘ರಾಜಕೀಯ ಪ್ರಜ್ಞೆಯಿದ್ದ ಮನೆತನದಿಂದ ಬಂದವರು’ ಎಂದು ತಾವಾಗಿಯೇ ಒಂದು ಮಾತು ಸೇರಿಸುತ್ತಾರೆ. ಆಗ ನಾನು ತಲೆ ತಗ್ಗಿಸಿ ಕೂರುತ್ತೇನೆ. ಪಾಪ, ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ನನಗೆ ಆಗುವುದು ನಾಚಿಕೆ. ನಮ್ಮ ಮನೆಯಲ್ಲಿ ರಾಜಕೀಯ ಪ್ರಜ್ಞೆ ಅಂತ ಏನಾದರೂ ಇದ್ದಿದ್ದರೆ ಅದು ಯಾರಿಗೆ ಯಾವ ಲೋಟದಲ್ಲಿ ಕಾಫಿ ಕೊಡಬೇಕು ಎನ್ನುವ ವಿಷಯದಲ್ಲಿ ಮಾತ್ರ. ಆ ಪ್ರಜ್ಞೆ ಮಾತ್ರ ಬಹಳ ಸೂಕ್ಷ್ಮವಾಗಿತ್ತು.

ಮನೆ ಇದ್ದದ್ದು ಬಣಕಲ್ ಪೇಟೆಯಿಂದ ಒಳಗೆ, ನಮ್ಮ ಕಾಫಿತೋಟದಲ್ಲಿ, ಜೀಪು ಹಿಡಿಸುವಷ್ಟೇ ಅಗಲದ ಮಣ್ಣುರಸ್ತೆಯ ಕೊನೆಯಲ್ಲಿ. ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕು ಎಂಬ ಕಟ್ಟಳೆ ಸಡಿಲವಾಗಿ, ಯಾರಿಗೆ ಬೇಕಾದರೂ ಮಾರಬಹುದು ಎಂದಾದ ಮೇಲೆ ಬೆಲೆ ಏರಿದ್ದೇ ಏರಿದ್ದು. ಆ ಒಂದೆರಡು ಕೊಯ್ಲಿನಲ್ಲಿ ನಮ್ಮ ಕಡೆ ಕಾಲ್ನಡಿಗೆಯಲ್ಲಿ ಓಡಾಡುತ್ತಿದ್ದವರೆಲ್ಲ ಜೀಪು ಹತ್ತಿದರು. ಅಪ್ಪಯ್ಯ ಹಳೆಯ ಹೆಂಚಿನ ಮನೆಯ ಮುಂಭಾಗ ಕೆಡವಿಸಿ ತಾರಸಿ ಹಾಕಿಸಿದರು. ಮೊಸಾಯಿಕ್ ನೆಲ ಬಂತು, ಗಾಜಿನ ಷೋಕೇಸು ಬಂತು, ಅದರೊಳಗೆ ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು ಬಂತು. ಟೀವಿಗೆ ಅಮ್ಮನೇ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಹಿಂಭಾಗ, ಎಂದರೆ ಅಡಿಗೆಮನೆ, ಬಚ್ಚಲು, ಹಿಂದಿನ ಜಗುಲಿ, ಎಲ್ಲ ಹಳೆಯದೇ ಉಳಿಯಿತು. ಅಲ್ಲಿಗೆ ಬರುವವರು ಕೆಲಸದವರು ತಾನೇ, ಅವರಿಗ್ಯಾಕೆ ಮೊಸಾಯಿಕ್ ಎಂದು ಅಪ್ಪಯ್ಯ ಮೇಸ್ತ್ರಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ.

ಮನೆಯ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಅಜ್ಜನ ಹೆಸರಿತ್ತು. ಪಾತ್ರೆ ಅಂಗಡಿಯವನು ಗುಂಯ್ ಎನ್ನುವ ಸಣ್ಣ ಯಂತ್ರ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆದುಕೊಡುತ್ತಿದ್ದ ಅಕ್ಷರಗಳು: ಹ. ತಿಮ್ಮೇಗೌಡ. ಮದುವೆಮನೆಗೆ ಪಾತ್ರೆ ಎರವಲು ಹೋದರೆ ಅದಲುಬದಲಾಗದಿರಲಿ ಎಂದು ಎಲ್ಲರೂ ಹಾಕಿಸುತ್ತಿದ್ದರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಜ್ಜನ ಪರಿಚಯ ನನಗಾದದ್ದು ಲೋಟದ ಅಂಚಿನಲ್ಲಿ. ಈ ಹೆಸರಿನ ಲೋಟಗಳು ನಮಗೆ, ನಮ್ಮವರಿಗೆ. ಎರಡನೆಯದು ನೀಲಿ ಹೂವಿನ ಪಿಂಗಾಣಿ ಕಪ್ಪು. ಜೀಪು ರಿಪೇರಿ ಮಾಡುತ್ತಿದ್ದ ಹಸನಬ್ಬನವರಿಗೆ, ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ಕ್ರಿಶ್ಚಿಯನ್ ರೈಟರಿಗೆ, ಜಾತಿ ಯಾವುದೆಂದು ಗೊತ್ತಿಲ್ಲದ ಆಫೀಸರುಗಳಿಗೆ ಅದರಲ್ಲಿ. ಆಫೀಸರುಗಳು ತಮಗೆ ವಿಶೇಷ ಮರ್ಯಾದೆ ಸಿಕ್ಕಿತೆಂದು ಸಂತೋಷಪಟ್ಟು ಹೋಗುತ್ತಿದ್ದರು. ಮೂರನೆಯದು ದಪ್ಪ ಗಾಜಿನ ಲೋಟ, ಹಿಂದಿನ ಜಗುಲಿಯ ಸೂರಿನ ಸಂದಿಯಲ್ಲಿ ಬೋರಲು ಹಾಕಿದ್ದು. ಕೆಲಸದವರು ತಾವೇ ತೆಗೆದು ತೊಳೆದು ಹಿಡಿಯುತ್ತಿದ್ದರು. ಅಮ್ಮ ತಾಕದ ಹಾಗೆ ಮೇಲಿನಿಂದ ಹೊಯ್ಯುತ್ತಿದ್ದಳು. ಕುಡಿದಾದ ಮೇಲೆ ತಾವೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಿ ಹೋಗುವರು. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಲಿಲ್ಲ. ನಾನು ನಡೆಯಲು ಕಲಿತ ಹಾಗೆ ಇದನ್ನೂ ಕಲಿತಿದ್ದೆ.

ಅಧ್ಯಕ್ಷಗಿರಿ ಬಂದದ್ದು ಅಕ್ಕಿರೊಟ್ಟಿಯ ಜೊತೆಗೆ. ಅಪ್ಪಯ್ಯ ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತ, ಉಪ್ಪಿನಕಾಯಿ ಕೇಳುವ ದನಿಯಲ್ಲೇ ಹೇಳಿದರು:

‘ಈ ಸಲ ಸೀಟು ಹೆಂಗಸರಿಗೆ ಬಂದಿದೆ. ನಿನ್ನ ಹೆಸ್ರು ಕೊಟ್ಟು ಬಂದೆ.’

‘ಎಂತದಕ್ಕೆ?’ ಎಂದಳು ಅಮ್ಮ.

‘ಪಂಚಾಯ್ತಿಗೆ. ನೀನೆಂತ ಮಾಡೋದಿಲ್ಲ ಮಾರಾಯ್ತಿ, ಸೈನ್ ಹಾಕಿದ್ರಾಯ್ತು.’

ಒಳಗಿದ್ದ ಅಜ್ಜಿಗೆ, ಅಪ್ಪಯ್ಯನ ತಾಯಿಗೆ, ಗಾಬರಿಯಾಯಿತು.

‘ಸೈನ್ ಹಾಕಕ್ಕೆ ಹೆಣ್ಣುಮಗಳು ಆಫೀಸಿಗೆ ಹೋಗ್ಬೇಕೇನೋ?’

‘ಮನೆಗೇ ತರ್ತಾರೆ ಬಿಡವ್ವ.’

ಅಮ್ಮ ಗೆದ್ದಳು. ಗೆದ್ದದ್ದು ಅವಳಿಗೆ ಗೊತ್ತಾದದ್ದು ಅಂಗಳದಲ್ಲಿ ಪಟಾಕಿ ಹೊಡೆದಾಗ. ಅಧ್ಯಕ್ಷೆಯೂ ಆದಳು. ಅಂದು ಮನೆಯಲ್ಲಿ ಕಡುಬು, ಕೋಳಿಸಾರು. ಹೊಸ ಹಾಲಿನಲ್ಲಿ ಗಂಡಸರೆಲ್ಲ ಸೇರಿ ಅಪ್ಪಯ್ಯನಿಗೆ ಹಾರ ಹಾಕಿದರು. ಅಧ್ಯಕ್ಷರು ಬೇರೆ ಒಬ್ಬರಿದ್ದಾರೆ ಎಂದು ಯಾರಿಗೋ ನೆನಪಾಗಿ, ಉಳಿದಿದ್ದ ಒಂದು ಹಾರವನ್ನು ‘ಇದನ್ನ ಒಳಗೆ ಕೊಡು ಪುಟ್ಟಿ’ ಎಂದು ನನ್ನ ಕೈಗೆ ಕೊಟ್ಟರು. ಅಮ್ಮ ಕಡುಬಿನ ಹಂಡೆಯ ಉಗಿಯ ಮುಂದೆ ಬೆವರುತ್ತಿದ್ದಳು. ಹಾರವನ್ನು ಕೊರಳಿಗೆ ಹಾಕಿಕೊಂಡು ಒಂದು ಸಲ ನನ್ನನ್ನು ನೋಡಿ ನಕ್ಕಳು. ಆಮೇಲೆ ಸೆಖೆ ಎಂದು ತೆಗೆದು ಸೌಟು ನೇತುಹಾಕುವ ಮೊಳೆಗೆ ಸಿಕ್ಕಿಸಿ, ಸಾರಿಗೆ ಉಪ್ಪು ಹಾಕಿದಳು. ಅವತ್ತು ನನಗೆ ಇದ್ದದ್ದು ಹೆಮ್ಮೆಯೊಂದೇ. ಅದನ್ನು ನೆನೆದರೆ ಈಗ ಇನ್ನಷ್ಟು ಮುಜುಗರವಾಗುತ್ತದೆ.

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಪಂಚಾಯ್ತಿ ಸೆಕ್ರೆಟರಿ ಠರಾವಿನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದರು. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಪ್ಪಯ್ಯ ಬೆರಳಿಟ್ಟ ಕಡೆ ‘ಸರೋಜ’ ಎಂದು ಬರೆದು ಒಲೆಯ ಮುಂದಕ್ಕೆ ಹೋಗುತ್ತಿದ್ದಳು. ಆಫೀಸಿನಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವರು ಅಪ್ಪಯ್ಯ. ಅವರ ಪೆನ್ನು, ಕನ್ನಡಕ, ಎಲೆಯಡಿಕೆಯ ಡಬ್ಬಿ ಆ ಮೇಜಿನ ಮೇಲೇ ಇರುತ್ತಿದ್ದವು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದಕ್ಕೇ ಶಾಲೆಯಲ್ಲಿ ನನ್ನ ಗೆಳತಿಯರು ಬಿಡುತ್ತಿರಲಿಲ್ಲ.

‘ಏ, ನಿಮ್ಮ ಅಧ್ಯಕ್ಷಿಣಿಗೆ ಮೀಸೆ ಬಂದಿದ್ಯಂತೆ ಹೌದೇನೆ?’

ನಾನು ಮನೆಗೆ ಬಂದು ಅಮ್ಮನ ಮೇಲೆ ಸಿಡುಕುತ್ತಿದ್ದೆ. ಅಪ್ಪಯ್ಯನ ಮೇಲೆ ಸಿಡುಕುವ ಧೈರ್ಯವಿರಲಿಲ್ಲ. ನೀರು ಇಳಿಜಾರಿಗೇ ಹರಿಯುವುದು.

ಶೇಷಿಯ ವಿಷಯ ಈಗ ಹೇಳಬೇಕು. ನಮ್ಮ ತೋಟದ ಕೆಳಗಿನ ಸರ್ಕಾರಿ ಕಾಲೋನಿಯವಳು. ಅಮ್ಮನ ವಯಸ್ಸಿನವಳು, ನಮ್ಮಲ್ಲೇ ಹಣ್ಣು ಕೊಯ್ಯುವವಳು, ಬಾಯಿ ಸ್ವಲ್ಪ ಜೋರು, ನಗುವಂತೂ ಇಡೀ ತೋಟಕ್ಕೆ ಕೇಳಿಸುವಂಥದ್ದು. ಕಾಲೋನಿಯ ಸೀಟು ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಗಿ ಅವಳೂ ಮೆಂಬರಾಗಿದ್ದಳು. ಮೊದಲ ಮೀಟಿಂಗಿಗೆ ಮಾತ್ರ ಅಮ್ಮ ಹೋಗಲೇಬೇಕಿತ್ತು. ಅಂದು ಅಮ್ಮನೂ ಶೇಷಿಯೂ ಅಕ್ಕಪಕ್ಕದ ಕಬ್ಬಿಣದ ಕುರ್ಚಿಗಳಲ್ಲಿ ಕೂತು, ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡುತ್ತಿದ್ದರಂತೆ. ಇದನ್ನು ಅಮ್ಮನೇ ನಗುತ್ತ ಹೇಳಿದ್ದಳು. ಮರುದಿನ ಶೇಷಿ ಎಂದಿನ ಹಾಗೆ ಹಿಂದಿನ ಜಗುಲಿಯ ಮೆಟ್ಟಿಲ ಮೇಲೆ ಕೂತು ಗಾಜಿನ ಲೋಟ ಒಡ್ಡಿದಳು. ಅಮ್ಮ ಎಂದಿನ ಹಾಗೆ ಮೇಲಿನಿಂದ ಹೊಯ್ದಳು. ಹೊಯ್ಯುವಾಗ ಶೇಷಿ ಹೇಳಿದಳು:

‘ಅಮ್ಮೋರೆ, ಈಗ ನೀವೇ ಅಧ್ಯಕ್ಷರಲ್ವ. ನಮ್ ಕಾಲೋನಿಗೊಂದು ನಲ್ಲಿ ಹಾಕ್ಸಿ ಕೊಡಿ. ಹಳ್ಳದ ನೀರು ಕುಡ್ದು ಮಕ್ಕಳಿಗೆ ಹೊಟ್ಟೆ ಸರಿಯಿರಲ್ಲ.’

‘ನೀನೂ ಮೆಂಬರಲ್ವೇನೆ? ನೀನೇ ಹೇಳು.’

‘ನಾನ್ ಹೇಳಿದ್ರೆ ಯಾರ್ ಕೇಳ್ತಾರೆ? ನೀವ್ ಹೇಳಿದ್ರೆ ಕೇಳ್ತಾರೆ.’

ತಾನು ಹೇಳಿದರೆ ಕೇಳುತ್ತಾರೆ ಎಂದು ಅಮ್ಮನಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ಕಾಫಿಯ ಪಾತ್ರೆ ಹಿಡಿದೇ ಸ್ವಲ್ಪ ಹೊತ್ತು ನಿಂತಳು.

‘ಹಾಕಿಸ್ತೀನಿ ಕಣೆ. ನಾನು ಹೇಳಿದೀನಿ ಅಂತ ನಿಮ್ಮೋರಿಗೆ ಹೇಳು.’

ಕಾಲೋನಿಯವರು ನೀರಿಗೆ ಇಳಿಯುತ್ತಿದ್ದ ಹಳ್ಳಕ್ಕೆ ಮೇಲುಗಡೆ ನಮ್ಮ ಪಲ್ಪರ್ ಮನೆಯಿತ್ತು. ಕೊಯ್ಲು ಶುರುವಾಗಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ತಿರುಗತೊಡಗಿತೆಂದರೆ ಹಳ್ಳದ ನೀರು ಕೆಂಪಗಾಗಿ ಕೊಳೆತ ಸಿಪ್ಪೆಯ ನಾತ ಹೊಡೆಯುತ್ತಿತ್ತು. ಆ ನೀರನ್ನು ಕೆಡಿಸುತ್ತಿದ್ದವರು ನಾವೇ. ಅದನ್ನು ಶೇಷಿ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಮ್ಮನಿಗೂ ಅದು ಗೊತ್ತಿತ್ತು. ಅಂದು ರಾತ್ರಿಯ ಊಟಕ್ಕೆ ಅಪ್ಪಯ್ಯನಿಗೆ ಇಷ್ಟವೆಂದು ಒಣಮೀನು ಹುರಿದು, ಬಡಿಸುವಾಗ ಮೆಲ್ಲಗೆ ವಿಷಯ ತೆಗೆದಳು. ಅಪ್ಪಯ್ಯ ‘ಹಾಕಿಸೋಣ, ಅದಕ್ಕೇನು’ ಎಂದರು. ಅಷ್ಟಕ್ಕೇ ಅಮ್ಮ ಎಷ್ಟು ಹಿಗ್ಗಿದಳೆಂದರೆ, ಮಾರನೆಯ ದಿನ ಅಜ್ಜಿಯ ಬೈಗುಳವೂ ಅವಳಿಗೆ ಕೇಳಿಸಲಿಲ್ಲ.

ಪಂಚಾಯ್ತಿಯ ಹಣ ಬಂತು. ಕೊಳವೆಬಾವಿ ಕೊರೆದರು. ಪೈಪು ಹೂಳುತ್ತ ಹೂಳುತ್ತ ಬಂದು ನಮ್ಮ ಗೇಟಿನ ಹತ್ತಿರ ನಿಲ್ಲಿಸಿದರು. ಅಲ್ಲೊಂದು ನಲ್ಲಿ, ನಲ್ಲಿಯ ಪಕ್ಕ ‘ಸಾರ್ವಜನಿಕರಿಗಾಗಿ’ ಎಂಬ ಬರಹ. ಮುಂದೆ ಕಾಲೋನಿಗೆ ಇಳಿಸಲು ಪೈಪು ಸಾಲಲಿಲ್ಲವಂತೆ. ಅದೇ ಗೇಟಿನಿಂದ ನಮ್ಮ ಪಲ್ಪರ್ ಮನೆಯ ತೊಟ್ಟಿಗೆ ಎಳೆಯಲು ಮಾತ್ರ ಪೈಪು ಸಾಲದೆ ಹೋಗಲಿಲ್ಲ. ಆ ವರ್ಷ ನಮ್ಮ ಪಾರ್ಚ್‌ಮೆಂಟ್ ಕಾಫಿ, ಎಂದರೆ ಸಿಪ್ಪೆ ಸುಲಿದ ಬೀಜ, ಎಂದಿಲ್ಲದಷ್ಟು ಶುಭ್ರವಾಗಿ ತೊಳೆದು ಬಂತು. ಪಲ್ಪರ್ ತಿರುಗುವಾಗ ನೀರೆಲ್ಲ ಅದಕ್ಕೇ ಹೋಗಿ ನಲ್ಲಿ ಒಣಗುತ್ತಿತ್ತು. ಕಾಲೋನಿಯ ಹೆಂಗಸರು ಪಲ್ಪರ್ ನಿಂತ ಹೊತ್ತು ನೋಡಿಕೊಂಡು ಕೊಡ ಹೊತ್ತು ಗುಡ್ಡ ಹತ್ತಿ ನಮ್ಮ ಗೇಟಿಗೆ ಬರುತ್ತಿದ್ದರು. ಅವರು ಬಂದಾಗ ಅಮ್ಮ ಮುಂದಿನ ಕಿಟಕಿಯ ಪರದೆ ಎಳೆದುಬಿಡುತ್ತಿದ್ದಳು. ಅವಳು ಅಪ್ಪಯ್ಯನ ಹತ್ತಿರ ಜಗಳವಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ನಾನು ಶೇಷಿಗೆ ಮಾತು ಕೊಟ್ಟಿದ್ದೆ.’

‘ಮಾತು ಕೊಡು ಅಂತ ನಿಂಗೆ ಯಾರು ಹೇಳಿದ್ದು?’

‘ಅಧ್ಯಕ್ಷೆ ನಾನು.’

ಅಪ್ಪಯ್ಯ ನಕ್ಕರು. ಕೆಟ್ಟ ನಗುವೇನಲ್ಲ. ಜೀಪು ನಾನೇ ಓಡಿಸುತ್ತೇನೆ ಎಂದು ನಾನು ಹಟ ಮಾಡಿದಾಗ ನಗುತ್ತಿದ್ದರಲ್ಲ, ಹಾಗೆ.  ಅಂದಿನಿಂದ ಅಮ್ಮ ಶೇಷಿಗೆ ಕಾಫಿ ಹೊಯ್ಯುವಾಗ ಅವಳ ಮುಖ ನೋಡುವುದನ್ನು ಬಿಟ್ಟಳು.

ಈ ನಲ್ಲಿಯನ್ನೇ ಹಿಡಿದುಕೊಂಡು ಉಪಾಧ್ಯಕ್ಷರು ಅವಿಶ್ವಾಸ ನಿರ್ಣಯ ತಂದರು. ಅವರೂ ತೋಟದವರೇ, ಅಪ್ಪಯ್ಯನಿಗೆ ಬೇಲಿಯ ತಕರಾರಿನಿಂದ ಆಗದವರು. ಕಾಲೋನಿಯ ನೀರಿನ ಮೇಲೆ ಅವರಿಗಿದ್ದ ಕಾಳಜಿಯೂ ಅಷ್ಟಕ್ಕಷ್ಟೆ. ಆದರೂ ಹೇಳಲು ಒಂದು ಕಾರಣ ಸಿಕ್ಕಿತ್ತಲ್ಲ. ಹಸನಬ್ಬನವರು ಮೆಂಬರೂ ಆಗಿದ್ದರು, ನಮ್ಮ ಕಡೆಯವರು. ಒಂದು ಸಂಜೆ ಬಂದು ಪಿಂಗಾಣಿ ಕಪ್ಪನ್ನು ಕೆಳಗಿಟ್ಟು ಹೇಳಿದರು:

‘ಅವ್ರಿಗೆ ಇನ್ನೊಂದು ಕೈ ಸಿಕ್ಕಿದ್ರೆ ಸಾಕು ಗೌಡ್ರೆ. ಇನ್ನು ಉಳಿದಿದ್ದು ಶೇಷಿ ಒಬ್ಳು. ಅವ್ಳು ಕೈ ಎತ್ತಿದ್ರೆ ಹೋಯ್ತು, ಎತ್ತದಿದ್ರೆ ಉಳೀತು. ಮನೆಗೆ ಕರೆದು ಮರ್ಯಾದೆಯಿಂದ ಒಂದು ಮಾತಾಡಿ.’

ಮರ್ಯಾದೆ ಎಂಬುದು ಅಪ್ಪಯ್ಯನಿಗೆ ಅರ್ಥವಾದದ್ದು ತಮ್ಮದೇ ರೀತಿಯಲ್ಲಿ. ಮಾರನೆಯ ದಿನ ಪೇಟೆಗೆ ಹೋಗಿಬಂದವರು ಅಜ್ಜಿಯನ್ನು ಕರೆದು, ಶೇಷಿಯನ್ನು ಹಾಲಿಗೇ ಕರೆಸುತ್ತೇನೆ ಎಂದರು. ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡರು.

‘ನಿನ್ನಪ್ಪ ಕಟ್ಟಿದ ಮನೆ ಕಣೋ ಇದು.’

‘ಕಾಲ ಬಂದ್ರೆ ಕತ್ತೆ ಕಾಲೂ ಹಿಡೀಬೇಕವ್ವ. ಮೀಟಿಂಗ್ ಮುಗಿಯೋವರ್ಗೆ ಸುಮ್ನಿರು.’

‘ಆಯ್ತಪ್ಪ. ಲೋಟ?’

ಅಪ್ಪಯ್ಯ ಚೀಲದಿಂದ ಒಂದು ಹೊಸ ಸ್ಟೀಲ್ ಲೋಟ ತೆಗೆದು ಮೇಜಿನ ಮೇಲಿಟ್ಟರು. ಅದೇ ಗಾತ್ರ, ಅದೇ ಹೊಳಪು, ಅಂಚಿನ ತಿರುವೂ ಅದೇ. ಹೆಸರೊಂದನ್ನು ಹಾಕಿಸಿರಲಿಲ್ಲ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ‘ಹೂಂ, ಇದಾಗುತ್ತೆ’ ಎಂದು ಸಮಾಧಾನಪಟ್ಟರು. ಸ್ಟೀಲ್ ಲೋಟದಲ್ಲಿ ಕೊಟ್ಟ ಹಾಗೂ ಆಯಿತು, ನಮ್ಮ ಲೋಟದಲ್ಲಿ ಕೊಡದ ಹಾಗೂ ಆಯಿತು. ಇಂಥ ಉಪಾಯ ನಮ್ಮವರಿಗಲ್ಲದೆ ಬೇರೆ ಯಾರಿಗೂ ಹೊಳೆಯುವುದು ಸಾಧ್ಯವಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ನನಗೂ ಅಂದು ಅದು ಜಾಣತನವಾಗಿಯೇ ಕಂಡಿತ್ತು. ಅಮ್ಮ ಮಾತ್ರ ಲೋಟವನ್ನು ಮುಟ್ಟದೆ ಅಲ್ಲೇ ಬಿಟ್ಟು ಒಳಗೆ ಹೋದಳು.

ಶೇಷಿ ಒಳ್ಳೆಯ ಸೀರೆಯುಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಳು. ಅಭ್ಯಾಸದಂತೆ ಹಿತ್ತಿಲ ಕಡೆಗೆ ತಿರುಗ ಹೋದವಳನ್ನು ಅಪ್ಪಯ್ಯನೇ ಎದ್ದು ಹೋಗಿ ಮುಂದಿನ ಬಾಗಿಲಿಗೆ ಕರೆತಂದರು. ಸೋಫಾ ತೋರಿಸಿದರು. ಅವಳು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ, ಕಾಲ್ಬೆರಳನ್ನಷ್ಟೇ ಮೊಸಾಯಿಕ್ಕಿಗೆ ತಾಗಿಸಿ ಕೂತಳು. ಮಳೆ, ಕರಿಮೆಣಸು, ಅವಳ ಗಂಡನ ಕಾಲುನೋವು ಎಲ್ಲ ವಿಚಾರಿಸಿ ಆಯಿತು. ಅಮ್ಮ ತಟ್ಟೆಯಲ್ಲಿ ಎರಡು ಲೋಟ ತಂದಳು. ಅಜ್ಜನ ಹೆಸರಿನದು ಅಪ್ಪಯ್ಯನಿಗೆ, ಹೊಸದು ಶೇಷಿಗೆ. ಶೇಷಿ ಕಾಫಿ ಊದಿ ಊದಿ ಕುಡಿಯುತ್ತ ಲೋಟದ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದಳು. ಅಪ್ಪಯ್ಯನ ಕೈಯಲ್ಲಿದ್ದ ಲೋಟವನ್ನು ಒಮ್ಮೆ ನೋಡಿದಳು.

‘ಹೊಸ ಲೋಟ ಅಲ್ವ ಅಮ್ಮೋರೆ? ಹೆಸ್ರು ಹಾಕ್ಸಿಲ್ಲ.’

ಅಮ್ಮನ ಬದಲು ಅಪ್ಪಯ್ಯ ಅವಸರದಿಂದ ಉತ್ತರ ಕೊಟ್ಟರು.

‘ಹಾಕ್ಸೋದು, ಹಾಕ್ಸೋದು. ಪೇಟೆಗೆ ಹೋದಾಗ ಹಾಕ್ಸೋದು.’

‘ನನ್ನ ಹೆಸ್ರೇ ಹಾಕ್ಸಿಬಿಡಿ ಅಯ್ಯ. ಇನ್ಯಾರ್ ಕುಡೀತಾರೆ ಅದ್ರಲ್ಲಿ?’

ಹೇಳಿ ಶೇಷಿ ತನ್ನ ಎಂದಿನ ನಗು ನಕ್ಕಳು. ಅಪ್ಪಯ್ಯ ಅವಳಿಗಿಂತ ಜೋರಾಗಿ ನಕ್ಕರು. ಅಮ್ಮನ ಕಿವಿ, ಕೆನ್ನೆ ಕೆಂಪಗಾಗಿ ಹೋದವು. ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಏನಾಯಿತೆಂದು ಕೇಳಿದರೆ ‘ಎಂತಿಲ್ಲ, ಹೋಗಿ ಓದ್ಕೊ’ ಎಂದಳು. ಆ ವಯಸ್ಸಿನಲ್ಲಿ ನನಗೆ ಎಲ್ಲ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಹಾಲಿನಲ್ಲಿ ಕೂತಿರುವ ನಾವೆಲ್ಲ ಬಟ್ಟೆಯಿಲ್ಲದೆ ಸಿಕ್ಕಿಬಿದ್ದಿದ್ದೇವೆ, ಸಿಕ್ಕಿಬಿದ್ದದ್ದು ನಮಗೆ ಮಾತ್ರ ಗೊತ್ತಾಗಿಲ್ಲ ಎಂಬಂಥ ಕಸಿವಿಸಿ ಮಾತ್ರ ಚೆನ್ನಾಗಿ ನೆನಪಿದೆ. ಹೊರಡುವಾಗ ಶೇಷಿ ಅಭ್ಯಾಸಬಲದಿಂದ ಲೋಟ ತೊಳೆಯಲು ಎದ್ದಳು. ಅಪ್ಪಯ್ಯ ‘ಇಡು ಇಡು, ಅಲ್ಲೇ ಇಡು’ ಎಂದು ತಡೆದರು. ಅವಳು ಇಟ್ಟಳು.

‘ನಾನ್ ಕೈ ಎತ್ತಲ್ಲ ಅಯ್ಯ. ಅಮ್ಮೋರ ಮುಖ ನೋಡಿ ಎತ್ತಲ್ಲ.’

ಅವಳು ಗೇಟು ದಾಟಿದ ಮೇಲೆ ಅಜ್ಜಿ ಕೆಲಸದ ಹುಡುಗಿಯನ್ನು ಕರೆದು ಲೋಟ ತೊಳೆಸಿದರು. ಸಂಜೆ ನೋಡುವಾಗ ಅದು ಗಾಜಿನ ಲೋಟಗಳ ಜೊತೆ ಸೂರಿನ ಸಂದಿ ಸೇರಿತ್ತು.

ಅವಿಶ್ವಾಸದ ದಿನ ನನಗೆ ಪರೀಕ್ಷೆಯ ಮುಂಚಿನ ರಜೆ. ಹಠ ಮಾಡಿ ಜೀಪು ಹತ್ತಿದೆ. ಮೂಡಿಗೆರೆ ಕಡೆಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲಿದ್ದ ಎಲೆಯಡಿಕೆ ಡಬ್ಬಿಯನ್ನು ಸರಿಸಿ, ‘ಸದಸ್ಯರಲ್ಲದವರು ದಯವಿಟ್ಟು ಹೊರಗಿರಬೇಕು’ ಎಂದರು. ಯಾರಿಗೆ ಹೇಳುತ್ತಿದ್ದಾರೆ ಎಂದು ಅಪ್ಪಯ್ಯನೂ ಸುತ್ತ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಹೊರಗೆ ಬಂದು, ಕಿಟಕಿಯ ಸರಳು ಹಿಡಿದು ನಿಂತಿದ್ದ ನನ್ನ ಪಕ್ಕ ತಾವೂ ಒಂದು ಸರಳು ಹಿಡಿದು ನಿಂತರು. ಒಳಗೆ ಅಮ್ಮ, ಅವಳ ಪಕ್ಕದಲ್ಲಿ ಶೇಷಿ. ಅಧಿಕಾರಿಗಳು ನಿರ್ಣಯ ಓದಿ, ಪರವಾಗಿರುವವರು ಕೈ ಎತ್ತಿ ಎಂದರು. ಉಪಾಧ್ಯಕ್ಷರ ಕಡೆಯವರ ಕೈಗಳು ಮೇಲೆ ಹೋದವು. ಶೇಷಿ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅಪ್ಪಯ್ಯ ಉಸಿರು ಬಿಟ್ಟದ್ದು ನನ್ನ ಕೂದಲಿಗೆ ತಾಗಿತು. ಅಮ್ಮ ಶೇಷಿಯ ಆ ಸೆರಗನ್ನೇ ನೋಡುತ್ತಿದ್ದಳು. ಆಮೇಲೆ ಕೈ ಎತ್ತಿದಳು.

‘ಏನಮ್ಮ, ಏನಾದ್ರೂ ಹೇಳ್ಬೇಕಾ?’ ಎಂದರು ಅಧಿಕಾರಿಗಳು.

‘ಇಲ್ಲ. ಕೈ ಎತ್ತಿದೀನಿ.’

‘ಇದು ನಿಮ್ಮ ವಿರುದ್ಧದ ನಿರ್ಣಯ ತಾಯಿ. ಅದನ್ನ ಒಪ್ಪೋರು ಎತ್ಬೇಕು.’

‘ಗೊತ್ತು ಸಾರ್. ಬರ್ಕೊಳ್ಳಿ.’

ಅಪ್ಪಯ್ಯ ಸರಳಿನ ನಡುವೆ ಮುಖ ತುರುಕಿದರು.

‘ಸರೋಜ! ಕೈ ಇಳ್ಸು! ಇಳ್ಸೇ ಕೈಯ!’

ಅಮ್ಮ ಕಿಟಕಿಯ ಕಡೆ ತಿರುಗಲಿಲ್ಲ. ಸೆಕ್ರೆಟರಿ ಎಣಿಸಿ ಬರೆದುಕೊಳ್ಳುವವರೆಗೂ ಕೈ ಹಾಗೇ ಇತ್ತು. ಭುಜದಿಂದ ನೆಟ್ಟಗೆ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಕ್ಕಳು ಎತ್ತುವ ಹಾಗೆ. ಅಧ್ಯಕ್ಷೆಯಾಗಿ ಅವಳು ತಾನಾಗಿ ಮಾಡಿದ ಕೆಲಸ ಅದೊಂದೇ, ಅದರಿಂದಲೇ ಅಧ್ಯಕ್ಷಗಿರಿ ಹೋಯಿತು. ಅಪ್ಪಯ್ಯ ನಮ್ಮನ್ನು ಅಲ್ಲೇ ಬಿಟ್ಟು ಜೀಪು ತಿರುಗಿಸಿಕೊಂಡು ಹೋದರು. ಶಾಲೆಯ ಆ ಅಣಕು ಶುರುವಾದ ಮೇಲೆ ನನಗೆ ಅಂದು ಮೊದಲ ಸಲ ಅಮ್ಮನ ಬಗ್ಗೆ ನಾಚಿಕೆಯಾಗಲಿಲ್ಲ. ಇಡೀ ಪೇಟೆ ನೋಡುವ ಹಾಗೆ ಅವಳ ಕೈ ಹಿಡಿದು ನಡೆದೆ.

ಕಾಫಿ ಹೂಬಿಡುವ ಕಾಲದ ಉರಿಬಿಸಿಲು. ಅರ್ಧ ದಾರಿಗೆ ಬರುವಾಗ ಹಿಂದಿನಿಂದ ಶೇಷಿ ಬಂದು ಕೂಡಿಕೊಂಡಳು. 

‘ಎಂತಕ್ಕೆ ಎತ್ತಿದ್ರಿ ಅಮ್ಮೋರೆ? ನಾನು ನಿಮಗೋಸ್ಕರ ಸುಮ್ನೆ ಕೂತಿದ್ನಲ್ಲ.’

‘ಅದಕ್ಕೇ ಎತ್ತಿದ್ದು. ಆ ಲೋಟದಲ್ಲಿ ಕುಡ್ದೂ ನೀನು ನನ್ನ ಪರ ಕೂತಿದ್ಯಲ್ಲ. ನಂಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ ಕಣೆ.’

 ಕಾಲೋನಿಯ ತಿರುವು ಬಂದಾಗ ಶೇಷಿ, ಬಿಸಿಲು ಇಳಿಯುವವರೆಗೆ ತನ್ನ ಮನೆಯಲ್ಲಿ ಕೂತು ಹೋಗಿ ಎಂದಳು. ಅಷ್ಟು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಅವಳ ಹೊಸ್ತಿಲು ದಾಟಿರಲಿಲ್ಲ. ಅಮ್ಮ ಒಂದು ಗಳಿಗೆ ನಿಂತು, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದಳು. ಒಂದೇ ಕೋಣೆ. ಗೋಡೆಗೆ ಸುಣ್ಣ, ಮೂಲೆಯಲ್ಲಿ ತಟ್ಟೆ ಮುಚ್ಚಿದ ಕೊಡಗಳ ಸಾಲು. ಶೇಷಿ ಚಾಪೆ ಹಾಸಿದಳು. ಅಮ್ಮ ಕೂತಳು. ನಾನು ಅವಳ ಪಕ್ಕ ಕೂತೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಶೇಷಿಯೂ ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚು, ಬೆಳಗಿ ಫಳಫಳ ಎನ್ನುತ್ತಿದ್ದ ಚೊಂಬಿನಲ್ಲಿ ನೀರು ತಂದು ಚಾಪೆಯ ಮೇಲಿಟ್ಟಳು. ಇಟ್ಟು ಹಿಂದೆ ಸರಿದು, ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

ನಮ್ಮ ಮನೆಯ ಕಟ್ಟಳೆಯಲ್ಲಿ ಬೆಲ್ಲಕ್ಕೆ ಮೈಲಿಗೆಯಿಲ್ಲ. ಬೆಲ್ಲ, ಬಾಳೆಹಣ್ಣು, ಎಲೆಯಡಿಕೆ ಯಾರ ಕೈಯಿಂದಲಾದರೂ ಆಗುತ್ತದೆ. ನೀರು ಆಗುವುದಿಲ್ಲ. ಅಮ್ಮ ಬೆಲ್ಲ ಮುರಿದು ಅರ್ಧ ನನಗೆ ಕೊಟ್ಟು ಅರ್ಧ ಬಾಯಿಗೆ ಹಾಕಿಕೊಂಡಳು. ಬಿಸಿಲಲ್ಲಿ ನಡೆದು ಬಂದ ಗಂಟಲಿಗೆ ಬೆಲ್ಲ ಅಂಟಿ ನನಗೆ ಬಾಯಾರಿಕೆ ತಡೆಯಲಾಗಲಿಲ್ಲ. ಚೊಂಬಿನ ಕಡೆ ಕೈ ಚಾಚಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಮೆಲ್ಲಗೇ ಹಿಡಿದಳು, ಆದರೆ ಬಿಡಲಿಲ್ಲ.

‘ನೀರು ಅಮ್ಮೋರೆ,’ ಎಂದಳು ಶೇಷಿ. ‘ನಿಮ್ಮ ಗೇಟಿನ ನಲ್ಲಿದೇ. ಬೆಳಿಗ್ಗೆ ಹೊತ್ಕೊಂಡ್ ಬಂದಿದ್ದು.’

‘ಗೊತ್ತು ಕಣೆ.’

ಅಮ್ಮ ಚೊಂಬನ್ನು ನೋಡುತ್ತ ಕೂತಳು. ಬಹಳ ಹೊತ್ತು ಕೂತಳು. ಕುಡಿಯಬೇಕೆಂದು ಅವಳು ಮನಸ್ಸಿನಲ್ಲೇ ಒದ್ದಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ತುಟಿ ಒಣಗಿತ್ತು. ಆಫೀಸಿನಲ್ಲಿ ಅಷ್ಟು ನೆಟ್ಟಗೆ ಎದ್ದಿದ್ದ ಕೈ ಮಡಿಲಿನಿಂದ ಏಳಲೇ ಇಲ್ಲ.

‘ಹೊತ್ತಾಯ್ತು. ಬರ್ತೀವಿ ಕಣೆ.’

‘ಹೂಂ, ಹೋಗ್ಬನ್ನಿ’ ಎಂದಳು ಶೇಷಿ. ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಇನ್ನೊಂದು ಸಲ ಕುಡಿಯಿರಿ ಎಂದು ಹೇಳಲೂ ಇಲ್ಲ.

ಕಾಲೋನಿಯಿಂದ ಮನೆಗೆ ಗುಡ್ಡ ಹತ್ತಬೇಕು. ಅಮ್ಮ ನನ್ನ ಮಣಿಕಟ್ಟು ಬಿಡದೆ ಹತ್ತಿದಳು. ಗೇಟಿಗೆ ಬಂದವರು ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಇಬ್ಬರೂ ಹೊಟ್ಟೆ ತುಂಬ ನೀರು ಕುಡಿದೆವು.